ಹೆಸರನ್ನು ಎಲ್ಲಿ ಬರೆಯಿಸಬೇಕು?

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಮತದಾರರ ಯಾದಿಯ ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಕಥೆ ಕವಿತೆಗಳ ಮೇಲಿನ ಭಾಷಣ ಕೇಳಿ ರೂಢಿಯಾದ ಈ ಸಭೆಗೆ ವಿಷಯ ಒಣಕಲೆಂದು ತೋರಬಹುದು. ಆದರೆ ಭಾನುವಾರ ಬೆಳಿಗ್ಗೆ ನಮ್ಮ ಮೇಜಿನ ಮುಂದೆ ಅರ್ಜಿ ಬರೆಯಿಸಿಕೊಳ್ಳಲು ಕೂರುವವರನ್ನು “ನಿಮ್ಮ ಹೆಸರು ಯಾವ ಊರಿನ ಯಾದಿಯಲ್ಲಿದೆ?” ಎಂದು ಕೇಳಿ ನೋಡಿರಿ. ಕೆಲವರು “ಊರಲ್ಲಿದೆ” ಎನ್ನುತ್ತಾರೆ. ಕೆಲವರು ನಗುತ್ತ “ಅಲ್ಲೂ ಇದೆ, ಇಲ್ಲೂ ಇದೆ” ಎನ್ನುತ್ತಾರೆ. ಉಳಿದವರು ಸುಮ್ಮನಾಗುತ್ತಾರೆ. ಆ ಸುಮ್ಮನಾಗುವವರ ಸಂಖ್ಯೆ ಸಣ್ಣದಲ್ಲ. ಹದಿನೈದು ಇಪ್ಪತ್ತು ವರ್ಷ ಈ ನಗರದಲ್ಲಿ ದುಡಿದು ಎಲ್ಲಿಯೂ ಮತವಿಲ್ಲದವರು ನಮ್ಮವರಲ್ಲಿ ಇದ್ದಾರೆ. ಗಿರಣಿಯ ಹಾಜರಿಪಟ್ಟಿಯಲ್ಲಿ ಹೆಸರಿಲ್ಲದವನು ಇಡೀ ಪಾಳಿ ದುಡಿದರೂ ಪಗಾರದ ದಿನ ಕೈ ಬೀಸಿಕೊಂಡು ಹೋಗಬೇಕಾಗುತ್ತದೆ. ಇವರ ಪಾಡು ಅದೇ.

ಮೊದಲು ಹಕ್ಕಿನ ಮಾತು. ನಮ್ಮ ಸಂವಿಧಾನದ 19ನೆಯ ವಿಧಿಯಲ್ಲಿ, ಭಾರತದ ಪ್ರಜೆಗೆ ದೇಶದ ಉದ್ದಗಲಕ್ಕೂ ತಡೆಯಿಲ್ಲದೆ ಓಡಾಡುವ ಹಕ್ಕು ಒಂದು, ಯಾವ ಭಾಗದಲ್ಲಾದರೂ ವಾಸಮಾಡಿ ನೆಲಸುವ ಹಕ್ಕು ಇನ್ನೊಂದು, ಎಂದು ಎರಡನ್ನೂ ಬೇರೆ ಬೇರೆಯಾಗಿಯೇ ಬರೆದಿದೆ. ಬಂದು ಹೋಗುವುದು ಬೇರೆ, ಬಂದು ಉಳಿಯುವುದು ಬೇರೆ ಎಂಬುದನ್ನು ಬರೆದವರು ಚೆನ್ನಾಗಿ ಬಲ್ಲವರಾಗಿದ್ದರು. ಅಮೆರಿಕೆಯಲ್ಲಿರುವಂತೆ ರಾಜ್ಯದ ಪೌರತ್ವ, ರಾಷ್ಟ್ರದ ಪೌರತ್ವ ಎಂಬ ಎರಡು ನಮ್ಮಲ್ಲಿಲ್ಲ. 1984ರಲ್ಲಿ ಪ್ರದೀಪ್ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಭಾರತೀಯನಿಗೆ ಇರುವ ನೆಲೆ ಭಾರತವೊಂದೇ, ರಾಜ್ಯಕ್ಕೊಂದು ನೆಲೆಯೆಂಬ ಮಾತೇ ಸಲ್ಲದು ಎಂಬ ಅರ್ಥದಲ್ಲಿ ಹೇಳಿತು. ಹಾಗೆಂದು ಈ ಹಕ್ಕಿಗೆ ಮಿತಿಯಿಲ್ಲವೆಂದಲ್ಲ. 1952ರಲ್ಲಿಯೇ, ಮುಂಬಯಿ ಪೋಲೀಸರು ಗಡಿಪಾರು ಮಾಡಿ ಅಮೃತಸರಕ್ಕೆ ಹೋಗೆಂದ ಗುರುಬಚನ್ ಸಿಂಗ್ ಎಂಬಾತ ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತ. ಸಾರ್ವಜನಿಕ ಹಿತಕ್ಕಾಗಿ ಸರಕಾರ ಒಬ್ಬನನ್ನು ಹೊರಗಿಡಬಹುದು ಎಂದಾಯಿತು. ಆದರೆ ಅದು ಆ ಒಬ್ಬನ ನಡತೆಯ ಕಾರಣಕ್ಕೆ. ಹುಟ್ಟಿದ ಊರಿನ ಕಾರಣಕ್ಕೆ ಅಲ್ಲ.

ನಮ್ಮ ಸಂಗತಿಯಲ್ಲಿ ಇನ್ನೊಂದು ವಿಚಿತ್ರವಿದೆ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿಯೇ ಇದ್ದವು. ಹುಬ್ಬಳ್ಳಿಯವನು ಮುಂಬಯಿಗೆ ಬಂದರೆ ತನ್ನ ರಾಜಧಾನಿಗೆ ಬಂದಂತೆ. ಮಂಗಳೂರು ಉಡುಪಿಯವರು ಮಾತ್ರ ಮದರಾಸಿಗೆ ಸೇರಿದವರು. ರಾಜ್ಯಗಳ ಪುನರ್ರಚನೆಯಾದ ದಿನ ಪರಳದಲ್ಲಿ ಮಲಗಿದ್ದ ಧಾರವಾಡದವನು ಬೆಳಿಗ್ಗೆ ಎದ್ದಾಗ ಅದೇ ಖೋಲಿಯಲ್ಲಿ, ಅದೇ ಚಾಪೆಯ ಮೇಲೆ, ಬೇರೆ ರಾಜ್ಯದವನಾಗಿದ್ದ! ಅವನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಗಡಿಯೇ ನಡೆದು ಬಂದಿತ್ತು. ಅಕ್ಕಲಕೋಟೆ, ಜತ್ತಿನ ಕಡೆಯ ಕನ್ನಡಿಗರಿಗೆ ಇದರ ತಿರುಗಮುರುಗ ಆಯಿತು. ಅವರು ಇಲ್ಲಿ ‘ಒಳಗಿನವರು’, ಆಡುವ ಮಾತು ಮಾತ್ರ ಹೊರಗಿನದು. ಒಳಗಿನವ ಹೊರಗಿನವ ಎಂಬ ಮಾತನ್ನು ಎಷ್ಟು ಹಗುರಾಗಿ ತೂಗಬೇಕೆಂಬುದಕ್ಕೆ ಇದು ಸಾಕು. ಮುಂದೆ 1966ರಲ್ಲಿ ಶಿವಸೇನೆ ಹುಟ್ಟಿ, ದಕ್ಷಿಣದವರ ಅಂಗಡಿ ಹೊಟೇಲುಗಳ ಮೇಲೆ ಕಣ್ಣು ಬಿದ್ದ ಕಾಲವನ್ನು ಇಲ್ಲಿರುವ ಹಿರಿಯರು ನನಗಿಂತ ಚೆನ್ನಾಗಿ ಬಲ್ಲರು. ಆದರೆ ಅದರ ಮರುವರ್ಷವೇ, 1967ರಲ್ಲಿ, ಮಂಗಳೂರಿನಲ್ಲಿ ಹುಟ್ಟಿ ಕೆಲಸ ಹುಡುಕಿಕೊಂಡು ಬಂದ ಜಾರ್ಜ್ ಫರ್ನಾಂಡಿಸರು ಸ. ಕಾ. ಪಾಟೀಲರಂಥ ಘಟಾನುಘಟಿಯನ್ನು ದಕ್ಷಿಣ ಮುಂಬಯಿಯಲ್ಲಿ ಸೋಲಿಸಿ ಲೋಕಸಭೆಗೆ ಹೋದರು. ಅವರಿಗೆ ಮತ ಕೊಟ್ಟವರಲ್ಲಿ ಎಲ್ಲ ಭಾಷೆಯವರೂ ಇದ್ದರು. ನಗರವೆಂಬುದು ಒಂದೇ ಬಾಯಿಂದ ಮಾತಾಡುವುದಿಲ್ಲ.

ಮತದ ಚರಿತ್ರೆಗೆ ಬರೋಣ. ಈ ನಗರದಲ್ಲಿ ಮುನಿಸಿಪಾಲಿಟಿಯ ಮತ ಬಹುಕಾಲ ತೆರಿಗೆ ಕೊಡುವವರ ಸೊತ್ತಾಗಿತ್ತು. 1922ರ ಸುಧಾರಣೆಯಲ್ಲಿ ತಿಂಗಳಿಗೆ 10 ರೂಪಾಯಿ ಬಾಡಿಗೆ ಕೊಡುವವನಿಗೂ ಮತ ಬಂತು. ದೊಡ್ಡ ಉದಾರತೆ. ಆದರೆ ಒಂದು ಖೋಲಿಯಲ್ಲಿ ಹತ್ತು ಮಂದಿ ಮಲಗಿ ಬಾಡಿಗೆ ಹಂಚಿಕೊಳ್ಳುತ್ತಿದ್ದ ಗಿರಣಿ ಕೂಲಿಗೆ ಆ ಹತ್ತು ರೂಪಾಯಿ ಎಲ್ಲಿಯದು? ವಯಸ್ಕರೆಲ್ಲರಿಗೂ ಮತವೆಂಬುದು ಮುಂಬಯಿ ಕಾರ್ಪೊರೇಶನ್ನಿಗೆ ಬಂದದ್ದು 1948ರಲ್ಲಿ.

ಅದೇ 1948ರಲ್ಲಿ ದೇಶದ ಮಟ್ಟದಲ್ಲಿ ಇನ್ನೊಂದು ದೊಡ್ಡ ಕೆಲಸ ನಡೆಯಿತು. ಸಂವಿಧಾನ ಇನ್ನೂ ಬರೆದು ಮುಗಿದಿರಲಿಲ್ಲ. ಅಷ್ಟರಲ್ಲಿಯೇ ಸಂವಿಧಾನ ಸಭೆಯ ಕಛೇರಿ, ಸರ್ವರಿಗೂ ಮತವೆಂಬ ಆಧಾರದ ಮೇಲೆ ಯಾದಿ ಸಿದ್ಧಪಡಿಸುವ ಸೂಚನೆ ಹೊರಡಿಸಿತು. ಒರ್ನಿತ್ ಶಾನಿ ಎಂಬ ವಿದುಷಿ ಹಳೆಯ ಕಡತಗಳನ್ನೆಲ್ಲ ಶೋಧಿಸಿ 2018ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಆಗಿನ ನಿಯಮದಂತೆ ಒಬ್ಬನು ಹಿಂದಿನ ವರ್ಷದಲ್ಲಿ 180 ದಿವಸ ಆ ಸ್ಥಳದಲ್ಲಿ ವಾಸವಾಗಿರಬೇಕು. ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಮೊನ್ನೆ ತಾನೆ ಬಂದವರಿಗೆ 180 ದಿನ ಎಲ್ಲಿಂದ ಬರಬೇಕು? ನಿರಾಶ್ರಿತರ ಸಂಘಗಳು ದಿಲ್ಲಿಗೆ ಕಾಗದದ ಮೇಲೆ ಕಾಗದ ಬರೆದವು. ಕಡೆಗೆ, ‘ನಾನು ಇಲ್ಲಿಯೇ ಖಾಯಮ್ಮಾಗಿ ನೆಲಸುವ ಇಚ್ಛೆಯುಳ್ಳವನು’ ಎಂದು ಹೇಳಿಕೆ ಬರೆದುಕೊಟ್ಟರೆ ಸಾಕು, ಹೆಸರು ಸೇರಿಸಿರಿ ಎಂದು ಆದೇಶವಾಯಿತು. ಸ್ವಾಮಿ, ಕಲ್ಯಾಣದ ಕ್ಯಾಂಪಿನಲ್ಲಿ ಡೇರೆ ಹಾಕಿಕೊಂಡಿದ್ದ ಸಿಂಧಿಗಳಂಥವರಿಗೆ ಈ ದೇಶ ಅಂದು ಆ ಮಾತನ್ನು ನಂಬಿತು. ಗುಮಾಸ್ತನೊಬ್ಬ ಆ ಕಾಗದಕ್ಕೆ ಉತ್ತರ ಬರೆಯದೆ ಕಡತದಲ್ಲಿ ಸೇರಿಸಿಬಿಟ್ಟಿದ್ದರೆ ಏನಾಗುತ್ತಿತ್ತೆಂದು ನಾನು ಆಗಾಗ ಯೋಚಿಸುತ್ತೇನೆ.

ಈಗಿನ ಕಾನೂನು, ಅಂದರೆ 1950ರ ಜನಪ್ರತಿನಿಧಿ ಕಾಯಿದೆ, ಇಷ್ಟೇ ದಿನವೆಂದು ಲೆಕ್ಕ ಕೇಳುವುದಿಲ್ಲ. ‘ಸಾಮಾನ್ಯವಾಗಿ ವಾಸಿಸುವ’ ಸ್ಥಳದಲ್ಲಿ ಹೆಸರಿರಬೇಕು ಎನ್ನುತ್ತದೆ. ಇದರ 20ನೆಯ ಕಲಮನ್ನು ಇಲ್ಲಿರುವ ಪ್ರತಿಯೊಬ್ಬರೂ ಬಾಯಿಪಾಠ ಮಾಡಬೇಕು. ಒಂದು ಊರಿನಲ್ಲಿ ನಿಮಗೆ ಮನೆಯಿದೆ ಎಂಬ ಕಾರಣ ಒಂದರಿಂದಲೇ ನೀವು ಆ ಊರಿನ ಮತದಾರರಾಗಲಾರಿರಿ. ಹಾಗೆಯೇ, ತಾತ್ಕಾಲಿಕವಾಗಿ ಊರು ಬಿಟ್ಟಿರಿ ಎಂಬ ಮಾತ್ರಕ್ಕೆ ಮತ ಹೋಗುವುದೂ ಇಲ್ಲ. ಕಾರ್ಕಳದಲ್ಲಿ ತರವಾಡು ಮನೆಯಿದೆ, ಪಾಲು ಇದೆ, ವರ್ಷಕ್ಕೊಮ್ಮೆ ಕೋಲಕ್ಕೆ ಹೋಗುತ್ತೇನೆ ಎಂಬವರು ಮೊದಲನೆಯ ಮಾತನ್ನು ಕೇಳಿಸಿಕೊಳ್ಳಿರಿ. ಸುಗ್ಗಿ ಮುಗಿಸಿ ಆರು ತಿಂಗಳು ಗುಳೆ ಬಂದು, ಮಳೆ ಬಿದ್ದಕೂಡಲೆ ಯಾದಗಿರಿಗೆ ಮರಳುವವರಿಗೆ ಎರಡನೆಯ ಮಾತು. ಎರಡು ಕಡೆ ಹೆಸರಿಟ್ಟುಕೊಳ್ಳುವುದನ್ನು ಕಾಯಿದೆ ಸ್ಪಷ್ಟವಾಗಿ ನಿಷೇಧಿಸಿದೆ. ಗೊತ್ತಿದ್ದೂ ಸುಳ್ಳು ಹೇಳಿಕೆ ಬರೆದರೆ ಒಂದು ವರ್ಷದವರೆಗೆ ಸೆರೆ ಅಥವಾ ದಂಡ. ಹಿಂದೆ ಯಾರೂ ನೋಡುತ್ತಿರಲಿಲ್ಲ, ಈಗ ನೋಡುತ್ತಾರೆ. ನಗುತ್ತ “ಅಲ್ಲೂ ಇದೆ, ಇಲ್ಲೂ ಇದೆ” ಎನ್ನುವ ನಮ್ಮ ಹಿರಿಯರಿಗೆ ವಿನಯದಿಂದ ಇಷ್ಟನ್ನೇ ಅರಿಕೆ ಮಾಡುತ್ತೇನೆ.

(ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ರಾಜ್ಯಸಭೆಗೆ ನಿಲ್ಲುವವರು ಆ ರಾಜ್ಯದ ನಿವಾಸಿಯಾಗಿರಬೇಕೆಂಬ ಕಟ್ಟಳೆಯನ್ನು 2003ರಲ್ಲಿ ತೆಗೆದುಹಾಕಿದರು. 2006ರಲ್ಲಿ ಸುಪ್ರೀಂ ಕೋರ್ಟೂ ಸರಿಯೆಂದಿತು. ದೊಡ್ಡವರಿಗೆ ವಾಸದ ತೊಡಕು ತಪ್ಪಿತು. ನಾಕಾದಲ್ಲಿ ಬುಟ್ಟಿ ಹಿಡಿದು ನಿಂತವನಿಗೆ ಮಾತ್ರ ಲೈಟ್‌ಬಿಲ್ಲು ಬೇಕು.)

ವಿದ್ವಾಂಸರು ಈ ವಿಷಯವನ್ನು ಹೇಗೆ ಪರೀಕ್ಷಿಸಿದ್ದಾರೆಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏಕೆಂದರೆ ನಮ್ಮ ವಾಚನಾಲಯ ಮಾಡಬಹುದಾದ ಕೆಲಸ ಅದರಲ್ಲಿದೆ. 2011ರ ಜನಗಣತಿಯ ಪ್ರಕಾರ ದೇಶದೊಳಗೆ ಜಾಗ ಬದಲಾಯಿಸಿದವರು 45 ಕೋಟಿಗೂ ಹೆಚ್ಚು, ನೂರಕ್ಕೆ 37ರಷ್ಟು. ಮದುವೆಯಾಗಿ ಗಂಡನ ಊರಿಗೆ ಹೋದ ಹೆಂಗಸರೂ ಇದರಲ್ಲಿ ಸೇರಿದ್ದಾರೆ. ನಮ್ಮ ದೇವನಾರಿನ ಟಾಟಾ ಸಮಾಜವಿಜ್ಞಾನ ಸಂಸ್ಥೆಯವರು ಚುನಾವಣಾ ಆಯೋಗಕ್ಕಾಗಿ 2015ರಲ್ಲಿ ಈ ವಲಸೆಯವರ ಮತದಾನದ ಮೇಲೆ ಒಂದು ಅಧ್ಯಯನ ಮಾಡಿಕೊಟ್ಟರು. ಅನಂತರ ನಿಖರ್ ಗಾಯಕವಾಡ ಮತ್ತು ಗ್ಯಾರೆತ್ ನೆಲ್ಲಿಸ್ ಎಂಬಿಬ್ಬರು ಎರಡು ಪರೀಕ್ಷೆ ನಡೆಸಿ 2021ರಲ್ಲಿ ಪ್ರಕಟಿಸಿದರು. ಮೊದಲನೆಯದರಲ್ಲಿ, ನಾನಾ ನಗರಗಳ ಕಾರ್ಪೊರೇಟರರಿಗೆ ಸಹಾಯ ಬೇಡಿ ಕಾಗದಗಳನ್ನು ಕಳಿಸಿದರು. ಕೆಲವು ಕಾಗದ ಹಳೆಯ ನಿವಾಸಿ ಬರೆದಂತೆ, ಕೆಲವು ಹೊರಗಿನಿಂದ ಬಂದವನು ಬರೆದಂತೆ, ಉಳಿದುದೆಲ್ಲ ಒಂದೇ. ಬಂದವನಿಗೆ ಮರುಕರೆ ಬಂದದ್ದು ಹಳಬನಿಗಿಂತ ಶೇಕಡ 23ರಷ್ಟು ಕಡಿಮೆ. ದ್ವೇಷವೇ ಇದಕ್ಕೆ ಕಾರಣವೆಂದು ನಾವು ಭಾವಿಸುತ್ತೇವೆ. ಅವರು ಶೋಧಿಸಿದಾಗ ಮುಖ್ಯವಾಗಿ ಕಂಡದ್ದು ಲೆಕ್ಕಾಚಾರ. ‘ಇವನು ಇಲ್ಲಿ ಮತ ಹಾಕುವವನಲ್ಲ’ ಎಂದು ಕಾರ್ಪೊರೇಟರ ಎಣಿಸುತ್ತಾನೆ. ಮತವಿಲ್ಲದವನ ಓಣಿಯ ನಳ ಯಾರಿಗೆ ಬೇಕು?

ಎರಡನೆಯ ಪರೀಕ್ಷೆ ದಿಲ್ಲಿ ಮತ್ತು ಲಖನೌಗಳಲ್ಲಿ. ವಲಸೆ ಬಂದವರ ಮನೆಬಾಗಿಲಿಗೆ ಹೋಗಿ, ಫಾರಮ್ಮು ತುಂಬಿಸಿ, ಕಾಗದಪತ್ರ ಹೊಂದಿಸಿ, ಕಛೇರಿಗೆ ತಲುಪಿಸಿದರು. ಹಾಗೆ ನೆರವು ಸಿಕ್ಕವರಲ್ಲಿ ಹೆಸರು ಬರೆಯಿಸಿಕೊಂಡವರ ಪ್ರಮಾಣ, ನೆರವಿಲ್ಲದವರಿಗಿಂತ ನೂರಕ್ಕೆ 24ರಷ್ಟು ಮೇಲೇರಿತು. ಮುಂದಿನ ಚುನಾವಣೆಯಲ್ಲಿ ಮತ ಹಾಕಿದವರೂ ಹೆಚ್ಚಿದರು. ಮುಖ್ಯವಾದ ಮಾತು ಇದು: ಹುಟ್ಟೂರಿನ ನಂಟು ಗಟ್ಟಿಯಾಗಿದೆಯೆ ಸಡಿಲವೆ ಎಂಬುದಕ್ಕೂ, ನಗರದಲ್ಲಿ ಹೆಸರು ಬರೆಯಿಸುವ ಇಚ್ಛೆಗೂ ಸಂಬಂಧ ಕಾಣಲಿಲ್ಲ. ‘ನಮ್ಮವರಿಗೆ ಊರಿನ ಮೋಹ, ಅದಕ್ಕೇ ಇಲ್ಲಿ ಬರೆಯಿಸುವುದಿಲ್ಲ’ ಎಂದು ನಾವೆಲ್ಲ ಹೇಳಿಕೊಂಡು ಬಂದ ಮಾತು ಅಷ್ಟು ನಿಜವಲ್ಲವೆಂದಾಯಿತು. ತಡೆಯುವುದು ಮೋಹವಲ್ಲ, ಮೋಹಕ್ಕೆ ಪಾಪ ಯಾಕೆ ಅಪವಾದ ಹೊರಿಸಬೇಕು! ತಡೆಯುವುದು ಕೌಂಟರು.

ಆ ಕೌಂಟರಿನ ಹತ್ತಿರ ನಮ್ಮವರಿಗೆ ಬರುವ ದೊಡ್ಡ ಸಂಕಟ ಹೆಸರಿನದೇ. ಇಲ್ಲಿಯ ಪದ್ಧತಿಯಲ್ಲಿ ಮೊದಲು ತನ್ನ ಹೆಸರು, ಆಮೇಲೆ ತಂದೆ ಅಥವಾ ಗಂಡನ ಹೆಸರು, ಕಡೆಗೆ ಅಡ್ಡಹೆಸರು. ಮೈಸೂರಿನ ಕಡೆಯವರಿಗೆ ಅಡ್ಡಹೆಸರೇ ಇಲ್ಲ, ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ. ಕಲಬುರ್ಗಿ ಯಾದಗಿರಿಯ ದುಡಿಯುವ ಜನಕ್ಕೆ ಅಪ್ಪನ ಹೆಸರೇ ಅಡ್ಡಹೆಸರಾಗಿಬಿಡುತ್ತದೆ. ಒಬ್ಬ ಯಲ್ಲಪ್ಪ ಇದ್ದಾನೆಂದು ಇಟ್ಟುಕೊಳ್ಳಿರಿ. ಊರಿನ ರೇಷನ್ ಕಾರ್ಡಿನಲ್ಲಿ ಯಲ್ಲಪ್ಪ ತಂದೆ ಭೀಮಪ್ಪ, ಆಧಾರಿನಲ್ಲಿ ಯಲ್ಲಪ್ಪ ಬಿ., ಮುಂಬಯಿಯ ಬ್ಯಾಂಕಿನ ಪುಸ್ತಕದಲ್ಲಿ ಎಲ್ಲಪ್ಪಾ ಭೀಮಾ. ಮೂವರೂ ಒಬ್ಬನೇ ಎಂದು ಅವನ ಹೆಂಡತಿಗೆ ಗೊತ್ತು, ಕಛೇರಿಗೆ ಗೊತ್ತಿಲ್ಲ. ಹೆಂಗಸರದು ಇನ್ನೂ ಕಷ್ಟ. ತವರಿನ ಕಾಗದದಲ್ಲಿ ಒಂದು ಹೆಸರು, ಮದುವೆಯಾದ ಮೇಲೆ ಇನ್ನೊಂದು. ಇದು ಹೊಸ ರೋಗವಲ್ಲ. 1951–52ರ ಮೊದಲ ಮಹಾಚುನಾವಣೆಯ ಯಾದಿಯಿಂದ ಸುಮಾರು 28 ಲಕ್ಷ ಹೆಂಗಸರ ಹೆಸರು ಹೊಡೆದುಹಾಕಬೇಕಾಯಿತು. ಕಾರಣ, ಅವರು ‘ಇಂಥವನ ಹೆಂಡತಿ’, ‘ಇಂಥವನ ಮಗಳು’ ಎಂದಷ್ಟೇ ಬರೆಯಿಸಿದ್ದರು, ತಮ್ಮ ಹೆಸರು ಹೇಳಲು ಒಪ್ಪಿರಲಿಲ್ಲ. ಆ ಚುನಾವಣೆಯನ್ನು ನಡೆಸಿದ ಸುಕುಮಾರ ಸೇನರು ನಿಷ್ಠುರರಾಗಿ ನಿಂತರು: ಹೆಸರಿಲ್ಲದೆ ಮತವಿಲ್ಲ. ಅಂದು ಅದು ಅನ್ಯಾಯವೆನಿಸಿದರೂ ಅದರ ಮುಂದಿನ ಚುನಾವಣೆಗೆ ಹೆಂಗಸರು ಹೆಸರು ಹೇಳಲು ಕಲಿತರು. ನಾನು ಸೇನರ ಪಕ್ಷ.

ಯಾದಿಯಲ್ಲಿ ಹೆಸರಿದ್ದರೆ ಏನು ಸಿಗುತ್ತದೆ, ಐದು ವರ್ಷಕ್ಕೊಮ್ಮೆ ಬೆರಳಿಗೆ ಮಸಿ ತಾನೆ, ಎಂದು ಕೇಳುವವರಿದ್ದಾರೆ. ಈ ನಗರದಲ್ಲಿ ಅದರಿಂದ ಮನೆ ಸಿಗುತ್ತದೆ. 1981ರ ಜುಲೈಯಲ್ಲಿ ಆಗಿನ ಮುಖ್ಯಮಂತ್ರಿ ಅಂತುಲೆಯವರು, ಫುಟ್‌ಪಾತಿನವರನ್ನೆಲ್ಲ ಎಬ್ಬಿಸಿ ಅವರವರ ಊರಿಗೆ ಸಾಗಹಾಕುವೆವೆಂದು ಸಾರಿದರು. ಅದರಿಂದ ಹುಟ್ಟಿದ್ದು ಓಲ್ಗಾ ಟೆಲ್ಲಿಸ್ ಮೊಕದ್ದಮೆ. ಅರ್ಜಿದಾರರಲ್ಲಿ ವಿಲೆಪಾರ್ಲೆ ಹೆದ್ದಾರಿಯ ಪಕ್ಕದ ಕಾಮರಾಜನಗರದವರೂ ಇದ್ದರು. ನೀರಿನ ಕೊಳವೆ ಹಾಕಲು ಬಂದ ಕೂಲಿಗಳು ಕಟ್ಟಿಕೊಂಡ ಬಸ್ತಿ ಅದು. 1985ರ ತೀರ್ಪಿನಲ್ಲಿ ಕೋರ್ಟು ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂದಿತು; ಆದರೆ ಫುಟ್‌ಪಾತಿನಲ್ಲಿ ಇರುವ ಹಕ್ಕು ಇದೆಯೆನ್ನಲಿಲ್ಲ. ಎಬ್ಬಿಸುವ ಮುಂಚೆ ನೋಟೀಸು ಕೊಡಿ, 1976ರ ಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕವರಿಗೆ ಬದಲಿ ಜಾಗ ಕೊಡಿ ಎಂದಿತು. ಅಂದರೆ, ಎಣಿಸಲ್ಪಟ್ಟವನು ಉಳಿದ. ಮುಂದೆ ಝೋಪಡಿಪಟ್ಟಿ ಪುನರ್ವಸತಿಗೆ 1995ರ ಜನವರಿ 1, ಆಮೇಲೆ 2000ದ ಜನವರಿ 1 ಎಂದು ಗಡುವು ಇಟ್ಟಾಗಲೂ ಪುರಾವೆಯಾಗಿ ಮೊದಲು ಕೇಳಿದ್ದು ಮತದಾರರ ಯಾದಿಯನ್ನೇ. ಆ ಕಾಲದಲ್ಲಿ ‘ಊರಲ್ಲಿದೆ’ ಎಂದು ಬಿಟ್ಟವರು ಕಟ್ಟಡ ಏಳುವಾಗ ಕೆಳಗೆ ನಿಂತು ನೋಡಬೇಕಾಯಿತು.

ಹೆಸರು ಒಮ್ಮೆ ಸೇರಿದ ಮೇಲೆ ಅದನ್ನು ಕೀಳುವುದು ಸುಲಭವಲ್ಲ ಎಂಬುದಕ್ಕೂ ಮುಂಬಯಿಯದೇ ಉದಾಹರಣೆಯಿದೆ. 1994ರ ಸುಮಾರಿಗೆ ಇಲ್ಲಿಯ ಕೆಲವು ಬಡ ಬಸ್ತಿಗಳ ಮತದಾರರಿಗೆ, ನೀವು ಭಾರತದ ಪ್ರಜೆಗಳೆಂದು ಸಿದ್ಧಮಾಡಿರಿ ಎಂದು ನೋಟೀಸು ಬಂತು. ಜನ್ಮಪತ್ರ, ಪಾಸ್‌ಪೋರ್ಟು, ಪೌರತ್ವದ ಪ್ರಮಾಣಪತ್ರದಂಥ ನಾಲ್ಕೇ ಕಾಗದ ನಡೆಯುತ್ತವೆ ಎಂದರು. ಝೋಪಡಿಯವನಲ್ಲಿ ಪಾಸ್‌ಪೋರ್ಟು! 1995ರಲ್ಲಿ ಲಾಲ್ ಬಾಬು ಹುಸೇನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ರದ್ದು ಮಾಡಿ, ಮೊದಲೇ ಯಾದಿಯಲ್ಲಿರುವ ಹೆಸರನ್ನು ಸರಿಯಾದುದೆಂದೇ ಹಿಡಿಯಬೇಕು, ತೆಗೆಯುವ ಮುಂಚೆ ಅವನ ಮಾತನ್ನೂ ಅವನು ತರುವ ಇತರ ಕಾಗದಗಳನ್ನೂ ನೋಡಬೇಕು ಎಂದಿತು. 2025ರಲ್ಲಿ ಬಿಹಾರದ ಯಾದಿಯನ್ನು ಹೊಸದಾಗಿ ಪರಿಷ್ಕರಿಸಿದಾಗ ಕರಡಿನಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದವು. ಸತ್ತವರು, ಎರಡು ಕಡೆ ಇದ್ದವರು ಹೋಗಲಿ. ಅರ್ಧಕ್ಕಿಂತ ಹೆಚ್ಚು ಮಂದಿ ‘ಸ್ಥಳ ಬಿಟ್ಟವರು, ಸಿಗದವರು’ ಎಂಬ ಲೆಕ್ಕದಲ್ಲಿ ಹೋದರು. ದುಡಿಯಲು ಹೋದವನು ಮನೆಯಲ್ಲಿ ಸಿಗುವುದು ಹೇಗೆ? ಊರಿನ ಯಾದಿಯನ್ನೇ ನೆಚ್ಚಿ ಕೂತ ನಮ್ಮವರು ಇದನ್ನು ಗಮನಿಸಬೇಕು.

ಊರು ಎಂದೊಡನೆ 2020 ನೆನಪಾಗುತ್ತದೆ. ಆ ಮೇ ತಿಂಗಳಲ್ಲಿ ಇಲ್ಲಿ ಹೊಟೇಲುಗಳು ಮುಚ್ಚಿ, ಕೆಲಸವಿಲ್ಲದೆ, ಖೋಲಿಯಲ್ಲಿ ಕೂರಲಾಗದೆ ನಮ್ಮ ಜನ ಊರಿನತ್ತ ಹೊರಟರು. 18ನೆಯ ತಾರೀಖು ಕರ್ನಾಟಕ ಸರಕಾರ, ಮಹಾರಾಷ್ಟ್ರವೇ ಮೊದಲಾದ ಕೆಲವು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯ ತನಕ ಪ್ರವೇಶವಿಲ್ಲವೆಂದಿತು. ರೋಗದ ಭಯ ಸುಳ್ಳಲ್ಲ, ಸರಕಾರಕ್ಕೂ ಅದರ ಕಷ್ಟವಿತ್ತು. ಆದರೆ ‘ಮುಂಬಯಿಯಿಂದ ಬಂದವರು’ ಎಂಬ ಮಾತು ಉಡುಪಿಯಲ್ಲಿ, ಮಂಡ್ಯದಲ್ಲಿ ಬೈಗುಳದಂತೆ ಕೇಳಿತು. ಅದಕ್ಕೆ ಮೊದಲು ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳಿಗೆ ಮಂಗಳೂರಿನ ಆಸ್ಪತ್ರೆಗಳು ದೂರವಾದವು. ಏಪ್ರಿಲ್ 1ರಂದು ಕೇರಳದ ಹೈಕೋರ್ಟು, ಇದು ಓಡಾಡುವ ಹಕ್ಕಿಗೂ ಜೀವದ ಹಕ್ಕಿಗೂ ಭಂಗವೆಂದು ಹೇಳಿ ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸಲು ಆದೇಶ ಕೊಟ್ಟಿತು. ಕಾಸರಗೋಡಿನ ಕನ್ನಡಿಗನನ್ನು ತಡೆದದ್ದು ಕನ್ನಡನಾಡಿನ ಮಣ್ಣಿನ ಗುಡ್ಡೆ ಎಂಬುದನ್ನು ಹೇಳುವಾಗ ನನಗೆ ನಾಲಗೆ ತಡೆಯುತ್ತದೆ. ಆದರೂ ಹೇಳಬೇಕು.

ಹಾಗೆಯೇ 2024ರ ಜುಲೈಯ ಸಂಗತಿ. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ, ಮೇಲಿನ ಹುದ್ದೆಗಳಲ್ಲಿ ಶೇಕಡ 50, ಉಳಿದವುಗಳಲ್ಲಿ ಶೇಕಡ 70 ಮೀಸಲೆಂಬ ಮಸೂದೆಗೆ ಕರ್ನಾಟಕದ ಮಂತ್ರಿಮಂಡಲ ಒಪ್ಪಿಗೆ ಕೊಟ್ಟು, ಎರಡೇ ದಿನದಲ್ಲಿ ತಡೆಹಿಡಿಯಿತು. ಆ ವಾರ ನಮ್ಮ ವಾಚನಾಲಯದಲ್ಲಿ ಪತ್ರಿಕೆ ಓದಿ ಚಪ್ಪಾಳೆ ತಟ್ಟಿದವರಿದ್ದರು. ಅವರು ‘ಸ್ಥಳೀಯ’ ಎಂಬುದರ ಅರ್ಥವಿವರಣೆಯನ್ನು ಓದಿರಲಿಲ್ಲ. ರಾಜ್ಯದಲ್ಲಿ ಹುಟ್ಟಿರಬೇಕು, 15 ವರ್ಷ ವಾಸವಾಗಿರಬೇಕು, ಕನ್ನಡ ಬರಬೇಕು. ಡೊಂಬಿವಲಿಯಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡವಾಡಿ, ಈ ಮೇಜಿನ ಮೇಲೆ ಕನ್ನಡ ಪುಸ್ತಕ ಓದುವ ನಮ್ಮ ಮಕ್ಕಳು ಅಲ್ಲಿ ಸ್ಥಳೀಯರಲ್ಲ! ಇಲ್ಲಿ ಡೊಮಿಸೈಲ್ ಪತ್ರಕ್ಕೂ 15 ವರ್ಷವನ್ನೇ ಕೇಳುತ್ತಾರೆ. ಇಲ್ಲಿ ನಮಗೆ ಬೇಡವಾದುದನ್ನು ಅಲ್ಲಿ ಇನ್ನೊಬ್ಬರಿಗೆ ಬಯಸಿದರೆ ನಮ್ಮ ವಾದಕ್ಕೆ ಯಾವ ಬೆಲೆ ಉಳಿಯುತ್ತದೆ?

ಯುರೋಪಿನಲ್ಲಿ 1993ರಿಂದ ಒಕ್ಕೂಟದ ಒಂದು ದೇಶದವನು ಇನ್ನೊಂದು ದೇಶದಲ್ಲಿ ನೆಲಸಿದರೆ ಅಲ್ಲಿಯ ಮುನಿಸಿಪಾಲಿಟಿಗೆ ಮತ ಹಾಕಬಹುದು, ನಿಲ್ಲಲೂಬಹುದು. ಅದನ್ನು ಜಗತ್ತೆಲ್ಲ ಹೊಗಳುತ್ತದೆ. ಆ ಮತದಿಂದ ಆ ದೇಶದ ಲೋಕಸಭೆಗೆ ಹೋಗಲು ಆಗುವುದಿಲ್ಲ. ನಮಗಾದರೋ ವಾಸ ಬದಲಾಯಿಸಿದರೆ ಕಾರ್ಪೊರೇಶನ್ನು, ವಿಧಾನಸಭೆ, ಲೋಕಸಭೆ ಮೂರಕ್ಕೂ ಮತವಿದೆ. ಕನ್ನಡಿಗನಿಗೆ ಬೇರೆ, ಮರಾಠಿಗನಿಗೆ ಬೇರೆ ಎಂಬ ಯಾದಿಯಿಲ್ಲ. ಇದ್ದ ಊರಿನಿಂದಲೇ ಹುಟ್ಟೂರಿಗೆ ಮತ ಹಾಕುವ ಯಂತ್ರವೊಂದನ್ನು ಆಯೋಗ 2022ರ ಡಿಸೆಂಬರಿನಲ್ಲಿ ಪ್ರಕಟಿಸಿ, ಒಂದೇ ಯಂತ್ರದಲ್ಲಿ 72 ಕ್ಷೇತ್ರ ಹಿಡಿಸಬಹುದೆಂದು ಹೇಳಿತ್ತು. 2023ರ ಜನವರಿಯಲ್ಲಿ ಪಕ್ಷಗಳನ್ನು ಕರೆದಾಗ ಬಹಳ ಮಂದಿ ಸಂದೇಹಪಟ್ಟರು. ಕೆಲಸ ಅಲ್ಲಿಗೇ ನಿಂತಿತು. ಗುಳೆ ಬರುವವರಿಗೆ ಅದು ಬಂದರೆ ಒಳ್ಳೆಯದೇ. ಆದರೆ ವರ್ಷವಿಡೀ ಇಲ್ಲಿರುವವನಿಗೆ ನಳ, ಗಟಾರ, ಶಾಲೆ ಇಲ್ಲಿಯವೇ; ಅವನ ಮತವೂ ಇಲ್ಲಿಯೇ ಇರಲಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಕೆಲಸದ ಮಾತು. ಮೊದಲ ಸಲ ಹೆಸರು ಸೇರಿಸುವವರಿಗೆ 6ನೆಯ ನಮೂನೆ. ಊರಲ್ಲಿ ಈಗಾಗಲೇ ಹೆಸರಿದ್ದು ಇಲ್ಲಿಗೆ ತರುವವರಿಗೆ 8ನೆಯದು. ಅವರು 6ನ್ನು ತುಂಬಬಾರದು. ಹದಿನೆಂಟು ತುಂಬುವವರಿಗೆ ಈಗ ವರ್ಷಕ್ಕೆ ನಾಲ್ಕು ತಾರೀಖು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನ. ವಿಳಾಸಕ್ಕೆ ಬ್ಯಾಂಕು ಅಥವಾ ಪೋಸ್ಟಿನ ಪುಸ್ತಕ, ಗ್ಯಾಸಿನ ಇಲ್ಲವೆ ವಿದ್ಯುತ್ತಿನ ಬಿಲ್ಲು, ಆಧಾರು, ನೋಂದಾಯಿಸಿದ ಬಾಡಿಗೆ ಕರಾರು, ಯಾವುದಾದರೂ ತನ್ನಿರಿ. ಮೂರು ಕಾಗದದಲ್ಲಿ ಮೂರು ಹೆಸರಿದ್ದರೆ ಮೂರನ್ನೂ ತನ್ನಿರಿ, ಮುಚ್ಚಿಡಬೇಡಿರಿ. ಒಂದೂ ಇಲ್ಲದವರಿಗೂ ದಾರಿಯಿದೆ. ಮನೆಯಿಲ್ಲದವನು ರಾತ್ರಿ ಮಲಗುವ ಸ್ಥಳವನ್ನು ಅರ್ಜಿಯಲ್ಲಿ ಬರೆದರೆ, ಮತಗಟ್ಟೆಯ ಅಧಿಕಾರಿ ರಾತ್ರಿಯ ಹೊತ್ತು ಅಲ್ಲಿಗೆ ಬಂದು, ಅವನು ನಿಜವಾಗಿ ಅಲ್ಲಿ ಮಲಗುತ್ತಾನೆಯೇ ಎಂದು ನೋಡಿ ಹೆಸರು ಸೇರಿಸಬೇಕೆಂದು ಆಯೋಗದ ಸೂಚನೆಯಿದೆ. ಹೊಟೇಲಿನ ಮಾಳಿಗೆಯಲ್ಲಿ, ಅಂಗಡಿಯ ಬಾಗಿಲಲ್ಲಿ ಮಲಗುವ ಹುಡುಗರಿಗೆ ಇದನ್ನು ತಿಳಿಸಿರಿ. ಅವರಿಗೆ ಬಿಡುವಾಗುವುದು ರಾತ್ರಿ ಹನ್ನೊಂದರ ಮೇಲೆ. ಆದುದರಿಂದ ಮುಂದಿನ ಗುರುವಾರದಿಂದ ವಾಚನಾಲಯದ ಬಾಗಿಲು ಹನ್ನೆರಡರ ತನಕ ತೆರೆದಿರುವುದು. ನಾವಿಬ್ಬರು ಫಾರಮ್ಮು ಹಿಡಿದು ಕೂತಿರುತ್ತೇವೆ. ಮರಾಠಿಯಲ್ಲಿ ಚೆನ್ನಾಗಿ ಬರೆಯಬಲ್ಲ ಮೂರನೆಯವರೊಬ್ಬರು ಬೇಕಾಗಿದ್ದಾರೆ; ಬರಲೊಪ್ಪುವವರು ಈ ಸಭೆ ಮುಗಿದ ಮೇಲೆ ನನ್ನನ್ನು ಕಾಣಬೇಕು.